ಪ್ಲಾಸ್ಮಾ ಟಿವಿಯ ಗ್ಯಾಸ್ ನಿಜಕ್ಕೂ ಖಾಲಿಯಾಗುತ್ತದೆಯೇ?

ಕಲಬುರಗಿಯ ರಿಪೇರಿ ಅಂಗಡಿಗೆ ಹಳೆಯ ಪ್ಲಾಸ್ಮಾ ಟಿವಿ ಒಯ್ದರೆ, ಹಿಂದಿನ ಮುಚ್ಚಳ ಬಿಚ್ಚುವ ಮೊದಲೇ ಕೇಳಿಬರುವ ಮಾತು ಒಂದೇ: 'ಇದರ ಗ್ಯಾಸ್ ಖತಂ ಆಗ್ಯಾದರೀ.' ಫ್ರಿಜ್ಜಿಗೆ, ಎಸಿಗೆ ಗ್ಯಾಸ್ ತುಂಬಿಸಿ ರೂಢಿಯಾದವರಿಗೆ ಈ ಮಾತು ಸಹಜವಾಗಿಯೇ ಕೇಳಿಸುತ್ತದೆ. ಕರೆಂಟು ತಿನ್ನುತ್ತದೆ, ಪರದೆ ಮೇಲೆ ಚಾನೆಲ್ ಲೋಗೋ ಅಚ್ಚೊತ್ತಿಬಿಡುತ್ತದೆ, ಕಂಪನಿಗಳೇ ಕೈಬಿಟ್ಟ ಮಾಲು ಎಂಬ ಮಾತುಗಳೂ ಜೊತೆಗೆ ಬರುತ್ತವೆ. ಇವುಗಳಲ್ಲಿ ಕೆಲವು ನಿಜ, ಕೆಲವು ಅರೆನಿಜ. ಗ್ಯಾಸಿನ ಮಾತು ಮಾತ್ರ ಬಹುಪಾಲು ಸುಳ್ಳು. ಬೋರ್ಡು ಬದಲಿಸಿದ್ದರೆ ಇನ್ನಷ್ಟು ವರ್ಷ ಓಡುತ್ತಿದ್ದ ಎಷ್ಟೋ ಸೆಟ್‌ಗಳು ಆ ಒಂದು ಮಾತಿಗೇ ಗುಜರಿಯ ತಕ್ಕಡಿ ಏರಿವೆ.

ಪ್ಲಾಸ್ಮಾ ಪರದೆ ಹುಟ್ಟಿದ್ದು ಟಿವಿಗಾಗಿ ಅಲ್ಲವೇ ಅಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 'ಪ್ಲೇಟೊ' ಎಂಬ ಪಾಠ ಹೇಳುವ ಕಂಪ್ಯೂಟರಿಗಾಗಿ ಇದನ್ನು ಕಟ್ಟಿದರು. ಆಗ ಕಂಪ್ಯೂಟರಿನ ಮೆಮೊರಿ ಬಲು ದುಬಾರಿ. ಒಮ್ಮೆ ಹೊತ್ತಿಸಿದ ಚುಕ್ಕಿಯನ್ನು ತಾನೇ ನೆನಪಿಟ್ಟುಕೊಳ್ಳುವ ಪರದೆ ಅವರಿಗೆ ಬೇಕಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗದಡಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಮೊದಲ ಬಾರಿಗೆ ಟಿವಿ ನೋಡುತ್ತಿದ್ದಾಗ, ಅತ್ತ ಪ್ಲೇಟೊ ಟರ್ಮಿನಲ್‌ಗಳಲ್ಲಿ 512 ಸಾಲು, 512 ಕಂಬಗಳ ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆಗಳು ಉರಿಯುತ್ತಿದ್ದವು. 1983ರಲ್ಲಿ ಐಬಿಎಂ ಕೂಡ ಕಿತ್ತಳೆ ಪರದೆಯ ಟರ್ಮಿನಲ್ ತಂದಿತು. ಬಣ್ಣ ಬಂದದ್ದು 1992ರಲ್ಲಿ, ಫುಜಿತ್ಸುವಿನ 21 ಇಂಚಿನ ಪರದೆಯೊಂದಿಗೆ. 1995ಕ್ಕೆ ಅದು 42 ಇಂಚಾಯಿತು. 1997ರಲ್ಲಿ ಅಮೆರಿಕದ ಅಂಗಡಿಗೆ ಬಂದಾಗ ಬೆಲೆ ಸುಮಾರು 15,000 ಡಾಲರ್.

ಗ್ಯಾಸಿನ ಗೊಂದಲ ಬಿಡಿಸಬೇಕಾದರೆ ಈ 42 ಇಂಚಿನ ಗಾಜಿನೊಳಗೆ ಏನಿದೆ ಎಂದು ನೋಡಬೇಕು.

ಎರಡು ಗಾಜಿನ ಹಲಗೆಗಳ ನಡುವೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಸಂದು. ಆ ಸಂದಿನಲ್ಲಿ ಸಣ್ಣ ಗೋಡೆಗಳೆಬ್ಬಿಸಿ ಕೋಶಗಳನ್ನು ಮಾಡಿರುತ್ತಾರೆ. 1024 ಗುಣಿಸು 768 ಚುಕ್ಕಿಗಳ ಪರದೆಯಲ್ಲಿ, ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂದು ಮೂರರಂತೆ, 23 ಲಕ್ಷ 59 ಸಾವಿರ ಕೋಶಗಳು. ಒಳಗೆ ನಿಯಾನ್ ಮತ್ತು ಕ್ಸೆನಾನ್ ಮಿಶ್ರಣ. ಅದರ ಒತ್ತಡ ಹೊರಗಿನ ಗಾಳಿಯ ಮೂರನೇ ಎರಡರಷ್ಟು. ಕಿಡಿ ಹೊತ್ತಿದಾಗ ಕ್ಸೆನಾನ್ 147 ಮತ್ತು 173 ನ್ಯಾನೊಮೀಟರಿನ ಅತಿನೇರಳೆ ಬೆಳಕು ಚೆಲ್ಲುತ್ತದೆ. ಅದು ಕೋಶದ ಗೋಡೆಗೆ ಬಳಿದ ರಂಜಕದ (ಫಾಸ್ಫರ್ ಎಂಬ ಹೊಳೆಯುವ ವಸ್ತುವಿನ) ಪುಡಿಗೆ ಬಡಿದಾಗ ಕಣ್ಣಿಗೆ ಕಾಣುವ ಬಣ್ಣವಾಗುತ್ತದೆ. ಮನೆಯ ಟ್ಯೂಬ್‌ಲೈಟಿನ ತತ್ವವೇ ಇದು. ಅಲ್ಲಿ ಪಾದರಸದ ಆವಿ, ಇಲ್ಲಿ ಕ್ಸೆನಾನ್.

ಕ್ಸೆನಾನ್, ನಿಯಾನ್ ಸುಲಭವಾಗಿ ಯಾವುದರ ಜೊತೆಗೂ ಕೂಡದ ಅನಿಲಗಳು. ಉರಿದು ಮುಗಿಯುವ ಪ್ರಶ್ನೆಯೇ ಇಲ್ಲ. ಹಲಗೆಗಳ ಅಂಚನ್ನು ಕರಗುವ ಗಾಜಿನ ಪೇಸ್ಟಿನಿಂದ ಬೆಸೆದು, ಸಣ್ಣ ಗಾಜಿನ ನಳಿಗೆಯೊಂದರಿಂದ ಒಳಗಿನ ಗಾಳಿ ಎಳೆದು, ಅನಿಲ ತುಂಬಿ, ಆ ನಳಿಗೆಯನ್ನು ಕಾರ್ಖಾನೆಯಲ್ಲೇ ಕರಗಿಸಿ ಮುಚ್ಚುತ್ತಾರೆ. ಹೊರಗೆ ಮರುತುಂಬಲು ದಾರಿಯೇ ಇಲ್ಲ. 'ಗ್ಯಾಸ್ ಹಾಕಿಕೊಡ್ತೀವಿ' ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಕೋಶ ನಿಜವಾಗಿ ಸವೆಯುವುದು ಬೇರೆ ಎರಡು ಕಡೆ. ಮುಂಭಾಗದ ಗಾಜಿನ ಒಳಮೈಗೆ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರವಿರುತ್ತದೆ. ಒಂದು ಮೈಕ್ರಾನಿಗಿಂತ ದಪ್ಪವಿರುವುದಿಲ್ಲ. ಕಡಿಮೆ ವೋಲ್ಟೇಜಿಗೇ ಕಿಡಿ ಹೊತ್ತುವಂತೆ ಮಾಡುವುದೂ, ಅಯಾನುಗಳ (ವಿದ್ಯುದಂಶ ಹೊತ್ತ ಕಣಗಳ) ಬಡಿತ ತಡೆಯುವುದೂ ಈ ಪದರವೇ. ವರ್ಷಗಳ ಬಡಿತಕ್ಕೆ ಅದು ಸವೆಯುತ್ತದೆ. ಇನ್ನೊಂದು ಸವೆತ ರಂಜಕದ್ದು, ಅದರಲ್ಲೂ ನೀಲಿಯದು. ದಿನವಿಡೀ ಒಂದೇ ಸುದ್ದಿ ಚಾನೆಲ್ ಓಡಿಸಿದ ಪರದೆಯಲ್ಲಿ ಲೋಗೋ ಕೂತ ಜಾಗದ ರಂಜಕ ಅಕ್ಕಪಕ್ಕಕ್ಕಿಂತ ಬೇಗ ಮುದಿಯಾಗುತ್ತದೆ. ಅಚ್ಚು ಎನ್ನುವುದು ಅದನ್ನೇ. ಕೆಲವು ಗಂಟೆಗಳಲ್ಲಿ ಮಾಸುವ ನೆರಳು ಬೇರೆ, ಅದಕ್ಕೆ ಗಾಬರಿ ಬೇಡ.

ಇನ್ನು 'ನೆನಪಿಟ್ಟುಕೊಳ್ಳುವ' ಗುಣ. ಎಲೆಕ್ಟ್ರೋಡುಗಳ ಮೇಲೆ ನಿರೋಧಕ ಪದರ ಇರುವುದರಿಂದ, ಕಿಡಿ ಹೊತ್ತಿದಾಗ ಹುಟ್ಟಿದ ವಿದ್ಯುದಂಶ ಗೋಡೆಯ ಮೇಲೇ ಕೂರುತ್ತದೆ. ಮರುಕ್ಷಣ ವೋಲ್ಟೇಜು ತಿರುಗಿದಾಗ ಆ ಕೂತ ಅಂಶವೂ ಕೈಜೋಡಿಸುತ್ತದೆ. ಹಾಗಾಗಿ ಹೊಸ ಕಿಡಿಗೆ 200 ವೋಲ್ಟ್ ದಾಟಬೇಕಾದ ಕಡೆ, ಹೊತ್ತಿದ ಕೋಶ 180ರ ಆಸುಪಾಸಿನಲ್ಲೇ ಉರಿಯುತ್ತಿರುತ್ತದೆ. ಅಂಶ ಕೂರದ ಕೋಶ ಅದೇ ವೋಲ್ಟೇಜಿನಲ್ಲಿ ಕತ್ತಲೆಯಾಗಿಯೇ ಇರುತ್ತದೆ.

ಕೋಶಕ್ಕೆ ಗೊತ್ತಿರುವುದು ಹೊತ್ತುವುದು, ಆರುವುದು ಎರಡೇ. ಮಂದ ಬೆಳಕು ಎಂಬುದಿಲ್ಲ. ಅದಕ್ಕಾಗಿ ಒಂದು ಚಿತ್ರ ತೋರುವ ಸಮಯವನ್ನು ಎಂಟು ಅಥವಾ ಹೆಚ್ಚು ತುಂಡು ಮಾಡಿ, 1, 2, 4ರಿಂದ 128ರವರೆಗೆ ಮಿಡಿತಗಳ ತೂಕ ಕೊಟ್ಟು, ಬೇಕಾದ ತುಂಡುಗಳಲ್ಲಷ್ಟೇ ಕೋಶ ಹೊತ್ತಿಸಿ 256 ಮಟ್ಟ ತರುತ್ತಾರೆ. ಪ್ರತಿ ತುಂಡಿಗೂ ಮೂರು ಹಂತ. ಮೊದಲು ವೋಲ್ಟೇಜನ್ನು ನಿಧಾನಕ್ಕೆ 350 ವೋಲ್ಟಿನ ಮೇಲಕ್ಕೇರಿಸಿ ಹಳೆಯ ಅಂಶ ಒರೆಸುವುದು. ನಂತರ ಸಾಲುಸಾಲಾಗಿ ಬೇಕಾದ ಕೋಶಗಳಿಗೆ ಅಂಶ ಕೂರಿಸುವುದು. ಒಂದು ಸಾಲಿಗೆ ಒಂದರಿಂದ ಎರಡು ಮೈಕ್ರೊಸೆಕೆಂಡ್. ಕೊನೆಗೆ ಇಡೀ ಪರದೆಗೆ ಮಿಡಿತ ಕೊಟ್ಟು ಉರಿಸುವುದು. ಮೊದಲ ಹಂತದ ನಿಧಾನ ಏರಿಕೆಯನ್ನು ರೂಪಿಸಿದ ಲ್ಯಾರಿ ವೆಬರ್ ಕೂಡ ಇಲಿನಾಯ್‌ನವರೇ. ಪರದೆಯ ಕೆಪಾಸಿಟರಿನಲ್ಲಿ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಕಾಯಿಲ್ ಮೂಲಕ ಮರಳಿ ಪಡೆಯುವ ಸರ್ಕ್ಯೂಟಿನಲ್ಲೂ ಅವರ ಕೈಯಿದೆ. ಅದಿಲ್ಲದೆ ಹೋಗಿದ್ದರೆ ಕರೆಂಟಿನ ಬಿಲ್ಲು ಇನ್ನೂ ಏರುತ್ತಿತ್ತು.

ಈ ಮೂರು ಹಂತ ನಡೆಸುವುದು ಹಿಂಬದಿಯ ಬೋರ್ಡುಗಳು. ನಮ್ಮ ಕಡೆ ಕೆಡುವುದು ಹೆಚ್ಚಾಗಿ ಇವೇ. ಪ್ಲಾಸ್ಮಾ ಸೆಟ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಹೇಳುವ ಗರಿಷ್ಠ ಕೋಣೆಯ ಉಷ್ಣತೆ 40 ಡಿಗ್ರಿ. ಮೇ ತಿಂಗಳ ಕಲಬುರಗಿ, ಯಾದಗಿರಿಯಲ್ಲಿ ಹೊರಗೇ 42, 43 ಇರುತ್ತದೆ. ಗೋಡೆಗೆ ಒತ್ತಿ ಕೂರಿಸಿದ 42 ಇಂಚಿನ ಸೆಟ್ ತಾನೇ 200ರಿಂದ 400 ವಾಟ್ ಶಾಖ ಬಿಡುತ್ತದೆ. ಸೆಕೆಗೆ ಗೋಡೆಯ ಅಂಶ ಸೋರಿ ಅಲ್ಲಲ್ಲಿ ಕೋಶಗಳು ತಪ್ಪಿ ಹೊತ್ತುತ್ತವೆ, ಎಸ್‌ಎಂಪಿಎಸ್‌ನ (ಸೆಟ್ಟಿಗೆ ಕರೆಂಟು ಕೊಡುವ ಪವರ್ ಸಪ್ಲೈ ಬೋರ್ಡಿನ) ಕೆಪಾಸಿಟರ್‌ಗಳು ಉಬ್ಬುತ್ತವೆ. ಶಹಾಬಾದ್, ವಾಡಿ, ಸೇಡಂ ಕಡೆ ಫರ್ಸಿ ಕಲ್ಲಿನ, ಸಿಮೆಂಟಿನ ಧೂಳು ಬೇರೆ. ಅದು ಅಡ್ಡ ಸಾಲುಗಳನ್ನು ನಡೆಸುವ ವೈ ಬಫರ್ ಬೋರ್ಡಿನ ಪಟ್ಟಿ ಕನೆಕ್ಟರುಗಳ ಮೇಲೆ ಕೂತು, ಮೊದಲ ಮಳೆಯ ತೇವ ಹತ್ತಿದ ದಿನ ಕಿಡಿ ಹಾರಿ ಐಸಿ ಶಾರ್ಟ್ ಆಗುತ್ತದೆ.

ದೋಷದ ಗುರುತು ಪರದೆಯ ಮೇಲೇ ಇರುತ್ತದೆ. ಅರ್ಧ ಪರದೆ ಅಥವಾ ಅಡ್ಡ ಪಟ್ಟಿ ಕತ್ತಲಾದರೆ ವೈ ಬಫರ್. ಬೋರ್ಡು ಬದಲಿಸಿದರೆ ಸರಿಹೋಗುತ್ತದೆ. ಅಂಚು ಕತ್ತರಿಸಿದಂತೆ ಲಂಬ ಪಟ್ಟಿ ಕಂಡರೆ ಬಹುಪಾಲು ಗಾಜಿಗೆ ಅಂಟಿಸಿದ ಪಟ್ಟಿಯ ಮೇಲಿನ ಐಸಿ ಹೋಗಿರುತ್ತದೆ, ಅಂಗಡಿಯಲ್ಲಿ ಅದಕ್ಕೆ ಉಪಾಯವಿಲ್ಲ. ಕಪ್ಪು ಜಾಗದಲ್ಲಿ ಕೆಂಪು, ಹಸಿರು ಚುಕ್ಕಿ ಮಿನುಗಿದರೆ ಒರೆಸುವ ಹಂತದ ವೋಲ್ಟೇಜು ಸಾಲುತ್ತಿಲ್ಲ ಎಂದರ್ಥ. ಆನ್ ಆದ ತಕ್ಷಣ ಕ್ಲಿಕ್ ಎಂದು ಆಫ್ ಆದರೆ, ಕೋಶ ಉರಿಸುವ ಮಿಡಿತಗಳಿಗೆ ಸುಮಾರು 180ರಿಂದ 200 ವೋಲ್ಟ್ ಕೊಡುವ ವಿಎಸ್ ಲೈನು ಎಲ್ಲೋ ಶಾರ್ಟ್ ಆಗಿದೆ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರುಗಳನ್ನು 100 ವಾಟ್ ಬಲ್ಬಿನಿಂದ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆಯಾದದ್ದು ಖಾತ್ರಿಯಾದ ಮೇಲೆ ಆ ಮಿಡಿತಗಳನ್ನು ಪರದೆಗೆ ಕೊಡುವ ಎಕ್ಸ್, ವೈ ಬೋರ್ಡುಗಳ ವಿಎಸ್ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಅಳೆದರೆ ತಪ್ಪಿತಸ್ಥ ಬೋರ್ಡು ಸಿಗುತ್ತದೆ. ಎಸ್‌ಎಂಪಿಎಸ್‌ನ ಮೊದಲ ಕೆಪಾಸಿಟರಿನಲ್ಲಿ 390 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಅವಸರ ಪ್ರಾಣಕ್ಕೆ ಕುತ್ತು.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ್ದು ಪ್ಯಾನೆಲಿನ ಬೆನ್ನಿಗೆ ಅಂಟಿಸಿದ ಸಣ್ಣ ಚೀಟಿಯನ್ನು. ವಿಎಸ್ (ಉರಿಸಲು), ವಿಎ (ಬೇಕಾದ ಕೋಶ ಆರಿಸಲು), ವಿಸೆಟ್ (ಒರೆಸುವ ಹಂತಕ್ಕೆ) ಇತ್ಯಾದಿ ವೋಲ್ಟೇಜುಗಳು ಆ ಒಂದು ಗಾಜಿಗೆಂದೇ ಅಳೆದು ಬರೆದವು. ಒಂದೇ ಮಾಡೆಲಿನ ಇನ್ನೊಂದು ಸೆಟ್ಟಿಗೆ ಬೇರೆಯೇ ಇರಬಹುದು. ಬೋರ್ಡು ಬದಲಿಸಿದಾಗ ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ವೋಲ್ಟೇಜು ಹೊಂದಿಸುವ ಪ್ರಿಸೆಟ್ ತಿರುಗಿಸಿ ಆ ಅಂಕಿಗೆ ತರಬೇಕು. ಈ ಕೆಲಸ ಬಿಟ್ಟುಹೋದ ಕಡೆ ಹೊಸ ಬೋರ್ಡೂ ಮತ್ತೆ ಸುಟ್ಟಿದೆ. ಬೆಳಕು ಹೆಚ್ಚಲೆಂದು ವಿಎಸ್ ಏರಿಸಿದ ಕಡೆ ಮೆಗ್ನೀಸಿಯಂ ಪದರ ಇನ್ನೂ ಬೇಗ ಸವೆದಿದೆ. ಆಮೇಲೆ ಮಾತು ಬಂದು ನಿಂತದ್ದು ಗ್ಯಾಸಿನ ಮೇಲೇ.

ಗ್ಯಾಸ್ ನಿಜಕ್ಕೂ ಹೋಗುವುದು ಗಾಜು ಸೀಳಿದಾಗ. ಸೆಟ್ಟನ್ನು ಟಂಟಂ ಆಟೋದಲ್ಲಿ ಮಲಗಿಸಿ ಸಾಗಿಸಿದರೆ ಗಾಜು ಬಳುಕಿ ಅಂಚೋ ಮುಚ್ಚಿದ ನಳಿಗೆಯೋ ಬಿರಿಯುತ್ತದೆ, ಹೊರಗಿನ ಗಾಳಿ ಒಳನುಗ್ಗುತ್ತದೆ. ಯಾವಾಗಲೂ ನಿಲ್ಲಿಸಿಯೇ ಸಾಗಿಸಬೇಕು. ಎಲ್ಲ ವೋಲ್ಟೇಜೂ ಸರಿಯಿದ್ದು ಪರದೆ ಪೂರ್ತಿ ಕತ್ತಲಾದರೆ ಟಾರ್ಚ್ ಹಿಡಿದು ಅಂಚು, ಮೂಲೆ, ನಳಿಗೆ ನೋಡಿ. ಸೀಳು ಕಂಡರೆ ಅಲ್ಲಿಗೆ ಮುಗಿಯಿತು. ಎತ್ತರದ ಊರಿನಲ್ಲಿ ಪ್ಲಾಸ್ಮಾ ಗುಂಯ್‌ಗುಡುತ್ತದೆ ಎಂಬುದು ನಿಜವಾದರೂ, ಸುಮಾರು 700 ಮೀಟರ್ ಎತ್ತರದ ಬೀದರಿಗೂ ಆ ಚಿಂತೆಯಿಲ್ಲ.

ಹಾಗಾದರೆ ಇಷ್ಟು ಒಳ್ಳೆಯ ಪರದೆ ನಿಂತುಹೋದದ್ದೇಕೆ? ಪಯೋನಿಯರ್ 2007ರಲ್ಲಿ ತಂದ 'ಕುರೊ' ಸೆಟ್‌ಗಳ ಕಪ್ಪನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ. ಆದರೆ ಶೋರೂಮಿನ ಟ್ಯೂಬ್‌ಲೈಟುಗಳ ಕೆಳಗೆ ಕಪ್ಪು ಯಾರಿಗೂ ಕಾಣದು, ಎಲ್‌ಸಿಡಿಯ ಬಿಳುಪು ಎಲ್ಲರಿಗೂ ಕಾಣುತ್ತದೆ. ಪೂರ್ತಿ ಬಿಳಿ ಪರದೆ ಬಂದರೆ ವಿದ್ಯುತ್ ಮಿತಿಗಾಗಿ ಪ್ಲಾಸ್ಮಾ ತಾನಾಗಿ ಬೆಳಕು ತಗ್ಗಿಸಿಕೊಳ್ಳುತ್ತದೆ. ಜೊತೆಗೆ 4ಕೆ ಲೆಕ್ಕವೂ ಕೂಡಲಿಲ್ಲ: 2160 ಸಾಲು, ಸಾಲಿಗೆ ಒಂದು ಮೈಕ್ರೊಸೆಕೆಂಡ್, ಹತ್ತು ತುಂಡು ಎಂದರೆ 21.6 ಮಿಲಿಸೆಕೆಂಡ್, ಸೆಕೆಂಡಿಗೆ 60 ಚಿತ್ರವಾದರೆ ಕೈಯಲ್ಲಿರುವುದು 16.7 ಮಾತ್ರ. ಹಲವು ಸಾಲುಗಳನ್ನು ಒಟ್ಟಿಗೆ ನಡೆಸಿ ಇದನ್ನು ದಾಟಬಹುದು; 2012ರಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಮತ್ತು ಪ್ಯಾನಸಾನಿಕ್ 145 ಇಂಚಿನ 8ಕೆ ಪ್ಲಾಸ್ಮಾ ತೋರಿಸಿದ್ದವು. ಮನೆಗೆ ಕೊಳ್ಳುವ ಬೆಲೆಗೆ ಅದು ಇಳಿಯಲಿಲ್ಲ. 2014 ಮುಗಿಯುವಷ್ಟರಲ್ಲಿ ಪ್ಯಾನಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ ಮೂವರೂ ನಿಲ್ಲಿಸಿದರು.

ಈಗ ಹೊಸ ಬೋರ್ಡು ಸಿಗುವುದು ಕಷ್ಟ. ಗಾಜು ಸೀಳಿದ ಸೆಟ್ಟಿನಿಂದ ಬಿಚ್ಚಿದ ಬೋರ್ಡೇ ಹೆಚ್ಚಾಗಿ ಈಗಿನ ಬಿಡಿಭಾಗ. ಹಾಗಾಗಿ ಸೀಳಿದ ಸೆಟ್ಟನ್ನು ತೂಕಕ್ಕೆ ಹಾಕುವ ಮೊದಲು ವೈ, ಎಕ್ಸ್, ಲಾಜಿಕ್, ಎಸ್‌ಎಂಪಿಎಸ್ ಬೋರ್ಡುಗಳನ್ನು ಬಿಚ್ಚಿ, ಮಾಡೆಲ್ ಸಂಖ್ಯೆ ಬರೆದು ಎತ್ತಿಡುವುದು ಒಳ್ಳೆಯದು. ಉಳಿದ ಗಾಜನ್ನು ಸುತ್ತಿಗೆಯಿಂದ ಒಡೆಯಬೇಡಿ. ಅದರಲ್ಲೂ ಹಳೆಯ ಪ್ಯಾನೆಲುಗಳ ಗೋಡೆ, ಅಂಚಿನ ಬೆಸುಗೆಗಳಲ್ಲಿ ಸೀಸವಿದೆ, ಪುಡಿ ಉಸಿರಿಗೆ ಸೇರುತ್ತದೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿಗೆ ಗಾಜನ್ನು ಇಡಿಯಾಗಿಯೇ ಒಪ್ಪಿಸಬಹುದು.