ಇಟ್ಟಿಗೆಯ ಎರಡನೆಯ ಜನ್ಮ

ಹಳೆಯ ಮನೆ ಕೆಡವಿದಲ್ಲಿ ಒಂದು ಇಟ್ಟಿಗೆ ಎತ್ತಿಕೊಂಡು ನೋಡಿ. ಸುಣ್ಣದ ಗಾರೆಯ ಮನೆಯಾದರೆ ಅಂಟಿದ ಗಾರೆಯನ್ನು ಹೆರೆದು ತೆಗೆಯಬಹುದು, ಇಟ್ಟಿಗೆ ಇಡಿಯಾಗಿ ಉಳಿಯುತ್ತದೆ. ಸಿಮೆಂಟಿನ ಮನೆಯಾದರೆ ಎಷ್ಟೋ ಸಲ ಗಾರೆಗೆ ಮೊದಲು ಇಟ್ಟಿಗೆಯೇ ಒಡೆಯುತ್ತದೆ.

ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಗಟ್ಟಿಯಾದ ಮೇಲೂ ಅದು ಸುಟ್ಟ ಇಟ್ಟಿಗೆಗಿಂತ ಮೆದು. ಸಿಮೆಂಟ್ ಹಾಗಲ್ಲ. ನೀರು ಸೇರಿದೊಡನೆ ರಾಸಾಯನಿಕ ಕ್ರಿಯೆ ಶುರುವಾಗಿ, ಹುಟ್ಟಿದ ಸೂಕ್ಷ್ಮ ಎಳೆಗಳು ಇಟ್ಟಿಗೆಯ ರಂಧ್ರಗಳೊಳಗೆ ಬೆಳೆದು ಕಚ್ಚಿಕೊಳ್ಳುತ್ತವೆ. ಗೋಡೆಯ ಮಟ್ಟಿಗೆ ಇದು ಲಾಭ; ಇಟ್ಟಿಗೆಯ ಮಟ್ಟಿಗೆ ಜೀವಾವಧಿ ಶಿಕ್ಷೆ.

ಕೋಪನ್‌ಹೇಗನ್‌ನ ಲೆಂಡೇಗರ್ ಸಂಸ್ಥೆಯ ವಾಸ್ತುಶಿಲ್ಪಿಗಳಿಗೆ ಎದುರಾದದ್ದೂ ಇದೇ. ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಹಳೆಯ ಗೋಡೆಗಳಿಂದ ಇಟ್ಟಿಗೆಗಳನ್ನು ಬಿಡಿಬಿಡಿಯಾಗಿ ತೆಗೆಯಲಾಗದೆ, ಗೋಡೆಯನ್ನೇ ಚೌಕಗಳಾಗಿ ಕೊಯ್ದು 'ರಿಸೋರ್ಸ್ ರೋಸ್' ಎಂಬ ವಸತಿ ಸಮುಚ್ಚಯದ ಹೊರಮೈಗೆ ಜೋಡಿಸಿದರು. ನೋಡಲು ಥೇಟ್ ಕೌದಿ. ನನಗಂತೂ ಹಿಡಿಸಿತು, ಆದರೂ ಅದು ಹಿಂದಿನವರ ಗಾರೆಗೆ ಇಂದಿನವರು ತೆತ್ತ ದಂಡ.

ನಮ್ಮ ಕರಾವಳಿಯ ಬಡಗಿಗಳು ಅಂಥ ದಂಡವನ್ನು ಮುಂದಿನವರ ಮೇಲೆ ಹೇರಲಿಲ್ಲ. ತೊಲೆಯ ತುದಿಯನ್ನು ಕೆತ್ತಿ, ಕಂಬದ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದರೆ ಸಂದು ಬಿಗಿ. ಬೆಣೆ ಕಿತ್ತರೆ ಕಂಬ ಬೇರೆ, ತೊಲೆ ಬೇರೆ. ಮಂಗಳೂರು ಹೆಂಚು ರೀಪಿನ ಮೇಲೆ ತನ್ನ ಭಾರದಿಂದಲೇ ಕೂತಿರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು 'ಹಸ್ತಶಿಲ್ಪ' ಎಂಬ ಪರಂಪರೆಯ ಗ್ರಾಮದ ಆವರಣದಲ್ಲಿ ಮತ್ತೆ ನಿಲ್ಲಿಸಲು ಸಾಧ್ಯವಾದದ್ದು ಅವರ ಹಟದಿಂದ ಹೌದು, ಇಂಥ ಸಂದುಗಳಿಂದಲೂ ಹೌದು.

ಇಂದಿನ ಕಟ್ಟಡದಲ್ಲಿ ಬೆಣೆಯ ಕೆಲಸವನ್ನು ಬೋಲ್ಟು ಮಾಡಬಲ್ಲದು. ಬೋಲ್ಟು ಹಾಕಿದ ಉಕ್ಕಿನ ತೊಲೆ ತೊಲೆಯಾಗಿಯೇ ಕೆಳಗಿಳಿಯುತ್ತದೆ. ಎರಕ ಹೊಯ್ದ ಕಾಂಕ್ರೀಟಿನ ತೊಲೆ ಹೆಚ್ಚಾಗಿ ಜಲ್ಲಿಯಾಗಿ ಇಳಿಯುತ್ತದೆ. ಪೈಪು, ತಂತಿಗಳನ್ನು ಗಿಲಾವಿನೊಳಗೆ ಹೂಳದಿದ್ದರೆ ಅವು ಹಾಳಾದಾಗ ಗೋಡೆಯನ್ನು ಅಗೆಯಬೇಕಿಲ್ಲ.

ಹಳೆಯ ಸಾಮಾನಿನಿಂದ ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಪೇಚಿದೆ. ನಕ್ಷೆ ಬರೆದು ಸಾಮಾನು ಕೊಳ್ಳುವುದು ರೂಢಿ; ಇಲ್ಲಿ ಸಾಮಾನು ಸಿಕ್ಕ ಮೇಲೆ ನಕ್ಷೆಯ ಅಳತೆ ನಿಗದಿಯಾಗಬೇಕು. ಹನ್ನೆರಡು ಅಡಿ ತೊಲೆ ಎಂದುಕೊಂಡು ಹೋದವರಿಗೆ ಹನ್ನೊಂದೂವರೆಯದು ಸಿಗುತ್ತದೆ. ಕೋಣೆ ಅರ್ಧ ಅಡಿ ಕುಗ್ಗಲು ಒಪ್ಪಿದರೆ ಆ ತೊಲೆ ಸೌದೆಯಾಗುವುದು ತಪ್ಪುತ್ತದೆ.