ಅಲೆಯಿಲ್ಲದ ಜಾಗ ನೋಡಿ ಮಕ್ಕಳನ್ನು ಸಮುದ್ರಕ್ಕೆ ಇಳಿಸಬಹುದೇ?

ಪ್ರಶ್ನೆ: ರಜೆಗೆ ಮನೆಯವರೆಲ್ಲ ಸೇರಿ ಸಮುದ್ರ ತೀರಕ್ಕೆ ಹೊರಟಿದ್ದೇವೆ. ಹತ್ತು ವರ್ಷದ ಮಗ, ಆರು ವರ್ಷದ ಮಗಳು ಇದ್ದಾರೆ. ಮಗನಿಗೆ ಈಜುಕೊಳದಲ್ಲಿ ಚೆನ್ನಾಗಿ ಈಜಲು ಬರುತ್ತದೆ. ಅಲೆ ಜೋರಾಗಿರುವ ಕಡೆ ಬಿಟ್ಟು, ನೀರು ಶಾಂತವಾಗಿರುವ ಜಾಗ ನೋಡಿ ಇಳಿಸಿದರೆ ಸಾಕಲ್ಲವೇ? ದೊಡ್ಡವರೇ ಏಳೆಂಟು ಜನ ಜೊತೆಯಲ್ಲಿರುತ್ತೇವೆ.

ಉತ್ತರ: ಸಾಲದು. ನೀವು ಆರಿಸಿಕೊಳ್ಳಬೇಕೆಂದಿರುವ ಆ ಶಾಂತ ಜಾಗವೇ ಎಷ್ಟೋ ಸಲ ಇಡೀ ದಂಡೆಯಲ್ಲಿ ಎಲ್ಲಕ್ಕಿಂತ ಅಪಾಯದ ಜಾಗವಾಗಿರುತ್ತದೆ.

ಅಲೆಗಳು ಒಂದರ ಹಿಂದೊಂದು ಬಂದು ದಂಡೆಗೆ ನೀರು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಲೇಬೇಕು. ತಳದ ಮರಳುದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಒಟ್ಟುಗೂಡಿ, ರಭಸದಿಂದ ಕಡಲಿನತ್ತ ಹರಿಯುತ್ತದೆ. ಇದೇ ರಿಪ್ ಕರೆಂಟ್, ಅಂದರೆ ಸೆಳೆತ. ತಗ್ಗಿನಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಅಲ್ಲಿ ಅಷ್ಟಾಗಿ ಒಡೆಯುವುದಿಲ್ಲ. ಹಾಗಾಗಿ ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಮಾತ್ರ ತುಸು ಕಡುಬಣ್ಣದ, ನುಣುಪಾದ ನೀರಿನ ಪಟ್ಟಿ ಕಾಣುತ್ತದೆ. ಮಕ್ಕಳಿಗೆ ಇದೇ ಸರಿಯಾದ ಜಾಗ ಎಂದು ಯಾರಿಗಾದರೂ ಅನ್ನಿಸುವಂತಿರುತ್ತದೆ.

ತೀರ ತಲುಪಿದ ಕೂಡಲೇ ನೀರಿಗೆ ಇಳಿಯಬೇಡಿ. ಸ್ವಲ್ಪ ಎತ್ತರದಲ್ಲಿ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿ. ಎಲ್ಲೆಡೆ ನೊರೆ ದಂಡೆಯ ಕಡೆಗೆ ಬರುತ್ತಿದ್ದು, ಒಂದು ಕಡೆ ಮಾತ್ರ ನೊರೆ, ಪಾಚಿ, ಕದಡಿದ ಮರಳು ನೀರು ಕಡಲಿನತ್ತ ಹೋಗುತ್ತಿದ್ದರೆ ಸೆಳೆತ ಇರುವುದು ಅಲ್ಲೇ. ಎಲ್ಲ ಸೆಳೆತವೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಲೈಫ್‌ಗಾರ್ಡ್ ಇರುವ ತೀರವನ್ನೇ ಆರಿಸಿಕೊಳ್ಳಿ, ಇಂದು ಎಲ್ಲಿ ಇಳಿಯಬಹುದು ಎಂದು ಅವರನ್ನೇ ಕೇಳಿ. ಬಹಳಷ್ಟು ದೇಶಗಳಲ್ಲಿ ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಅವರ ಕಾವಲಿನಲ್ಲಿರುತ್ತದೆ. ಪೂರ್ತಿ ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ಮರಳಿನಲ್ಲೇ ಆಡಿ.

ನಿಮ್ಮ ಮಗನಿಗೆ ಹೊರಡುವ ಮೊದಲೇ ಒಂದು ವಿಷಯ ಕಲಿಸಿ. ಜೋರಾದ ಸೆಳೆತ ಸೆಕೆಂಡಿಗೆ 2.5 ಮೀಟರ್‌ವರೆಗೂ ಹರಿಯಬಲ್ಲದು. ಅದರೆದುರು ಒಲಿಂಪಿಕ್ ಈಜುಗಾರರೂ ಮುಂದೆ ಸಾಗಲಾರರು. ಆದರೆ ಅದು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಹೆದರಿ ನೇರ ದಂಡೆಯತ್ತ ಈಜುತ್ತಾ ಕೈಸೋತವರೇ ಮುಳುಗುವುದು. ಆದ್ದರಿಂದ ಮೊದಲು ಬೆನ್ನ ಮೇಲೆ ತೇಲಬೇಕು, ಕೈ ಎತ್ತಿ ಕೂಗಬೇಕು. ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ಅಲೆಗಳ ಜೊತೆ ಓರೆಯಾಗಿ ದಡಕ್ಕೆ ಬರಬೇಕು. ಕೊಳದಲ್ಲಿ ಬರುವ ಈಜು ಒಳ್ಳೆಯದೇ. ಆದರೆ ಅಲ್ಲಿ ಅಲೆಯಿಲ್ಲ, ಸೆಳೆತವಿಲ್ಲ, ತಳ ಕಾಣುತ್ತದೆ, ಕೈಗೆ ಸಿಗುವಷ್ಟರಲ್ಲಿ ಅಂಚಿರುತ್ತದೆ. ಸಮುದ್ರದಲ್ಲಿ ಇದ್ಯಾವುದೂ ಇಲ್ಲ.

ಇನ್ನು, ದೊಡ್ಡವರು ಏಳೆಂಟು ಜನ ಇರುತ್ತೇವೆ ಎಂದಿದ್ದೀರಿ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಭಯವಾದದ್ದು ಈ ಮಾತು ಓದಿಯೇ. ಅಷ್ಟು ಜನರಿದ್ದಾಗ ಅಮ್ಮ ನೋಡುತ್ತಿದ್ದಾಳೆಂದು ಚಿಕ್ಕಪ್ಪ, ಚಿಕ್ಕಪ್ಪ ನೋಡುತ್ತಿದ್ದಾನೆಂದು ಅಪ್ಪ ಅಂದುಕೊಂಡಿರುತ್ತಾರೆ. ಕೊನೆಗೆ ಯಾರೂ ನೋಡಿರುವುದಿಲ್ಲ. ಪಾಳಿ ಹಾಕಿಕೊಳ್ಳಿ. ಹದಿನೈದು ನಿಮಿಷ ಒಬ್ಬರು, ಫೋನ್ ಚೀಲದಲ್ಲಿಟ್ಟು, ಹರಟೆ ಬಿಟ್ಟು, ಮಕ್ಕಳನ್ನಷ್ಟೇ ನೋಡಬೇಕು. ಬದಲಾಗುವಾಗ ‘ಈಗ ನೀನು ನೋಡ್ಕೋ’ ಎಂದು ಬಾಯಿಬಿಟ್ಟು ಹೇಳಿ, ‘ಹೂಂ’ ಎಂದ ಮೇಲೆಯೇ ಏಳಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಮುಳುಗುವ ಮಗು ಸಾಮಾನ್ಯವಾಗಿ ಕಿರುಚುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಆಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮುಳುಗೇಳುತ್ತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೂದಲು ಕಣ್ಣಿಗೆ ಬಿದ್ದರೂ ಸರಿಸುವುದಿಲ್ಲ, ಕೈಗಳು ಎರಡೂ ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಮಗು ಆಡುತ್ತಿದೆ ಅನ್ನಿಸುತ್ತದೆ. ಇದೆಲ್ಲ ಒಂದು ನಿಮಿಷದೊಳಗೇ ಮುಗಿದುಹೋಗಬಹುದು. ಗದ್ದಲ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಓಡಿ.

ಮಗಳು ನೀರಿನಲ್ಲಿರುವಷ್ಟು ಹೊತ್ತು ಒಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಇರಬೇಕು, ನೀರು ಮೊಣಕಾಲುದ್ದವೇ ಇದ್ದರೂ ಸರಿ. ಗಾಳಿ ತುಂಬಿದ ಟ್ಯೂಬು, ತೇಲುವ ಹಾಸಿಗೆಗಳನ್ನು ನೆಚ್ಚಬೇಡಿ. ದಡದಿಂದ ಕಡಲಿನತ್ತ ಬೀಸುವ ಗಾಳಿ ಅವನ್ನು ಮಗುವಿನ ಸಮೇತ ಹೊತ್ತೊಯ್ಯುತ್ತದೆ. ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಹಾಕಿಸಿ. ಬಟ್ಟೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ್ದಿರಲಿ, ನೀಲಿ ಬಟ್ಟೆ ನೀರಿನಲ್ಲಿ ಕಾಣುವುದೇ ಇಲ್ಲ.

ಮರಳಿನಲ್ಲಿ ಆಳವಾದ ಗುಂಡಿ ತೋಡಿ ಒಳಗಿಳಿಯಲು ಬಿಡಬೇಡಿ, ಕುಸಿದರೆ ಉಸಿರು ಕಟ್ಟುತ್ತದೆ. ಗುಡುಗು ಕೇಳಿದರೆ ಎಲ್ಲರೂ ನೀರಿನಿಂದ ಮೇಲೆ ಬಂದು ಕಟ್ಟಡದೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಗೆ ಬರಬೇಡಿ. ಮೋಡವಿದ್ದರೂ ಬಿಸಿಲು ಚರ್ಮ ಸುಡುತ್ತದೆ, ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಮುಂದೆ ನೋಡದೆ ಧುಮುಕಬೇಡಿ. ಕಾಪಾಡಲು ಹೋದವರೇ ಮುಳುಗಿದ್ದು ಎಷ್ಟೋ ಸಲ ಆಗಿದೆ. ಲೈಫ್‌ಗಾರ್ಡನ್ನು ಕೂಗಿ. ಚೆಂಡು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ತೇಲುವಂಥದ್ದು ಏನು ಸಿಕ್ಕರೂ ಸೆಳೆತಕ್ಕೆ ಸಿಕ್ಕವರತ್ತ ಎಸೆಯಿರಿ. ಒಬ್ಬರು ಅವರ ಮೇಲಿನ ಕಣ್ಣು ತೆಗೆಯದೆ ಕೈ ತೋರಿಸುತ್ತಲೇ ಇರಿ. ಮೇಲೆತ್ತಿದ ಮೇಲೆ ನೀರು ಕಕ್ಕಿಸಲೆಂದು ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆ ಒತ್ತುವ ಸಿಪಿಆರ್ ಶುರುಮಾಡಬೇಕು. ಮನೆಯಲ್ಲಿ ಇಬ್ಬರಾದರೂ ಇದನ್ನು ತರಬೇತಿ ಪಡೆದು ಕಲಿತಿರಲಿ. ಮಗು ಚೇತರಿಸಿಕೊಂಡಂತೆ ಕಂಡರೂ ಕೆಮ್ಮು ನಿಲ್ಲದಿದ್ದರೆ, ಉಸಿರಾಟ ವೇಗವಾದರೆ ಅಥವಾ ಮಂಕಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.