ದಾರದಿಂದ ಕತ್ತರಿಸುವ ಕಡುಬು

ಬಿಸಿ ಕ್ನೆಡ್ಲೀಕ್‌ಗೆ, ಅಂದರೆ ಚೆಕ್ಕರ ಕಡುಬಿಗೆ, ಚಾಕು ಹಾಕಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಚೆಕ್ ಅಡುಗೆಮನೆಯಲ್ಲಿ ಅದಕ್ಕೆ ಹೊಲಿಗೆ ದಾರ ಬಳಸುತ್ತಾರೆ. ಉದ್ದನೆಯ ಕಡುಬಿನ ಅಡಿಗೆ ದಾರ ತೂರಿಸಿ, ಎರಡೂ ತುದಿ ಮೇಲೆ ತಂದು, ಅಡ್ಡ ದಾಟಿಸಿ ಎಳೆದರೆ ಬಿಲ್ಲೆ ನೀಟಾಗಿ ಬೀಳುತ್ತದೆ. ಚಾಕು ಮೇಲಿಂದ ಒತ್ತುತ್ತದೆ, ಹಾಗಾಗಿ ಮೆತ್ತಗಿನ ಕಡುಬು ಕತ್ತರಿಸುವ ಮೊದಲೇ ಚಪ್ಪಟೆ. ಸಾಲದ್ದಕ್ಕೆ ಬೆಂದ ಪಿಷ್ಟ ಅಲಗಿನ ಅಗಲಕ್ಕೆಲ್ಲ ಅಂಟುತ್ತದೆ. ದಾರವಾದರೆ ಸುತ್ತಲಿಂದಲೂ ಸಮನಾಗಿ ಬಿಗಿಯುತ್ತದೆ, ಅಂಟಲು ಅದಕ್ಕೆ ಅಗಲವೇ ಇಲ್ಲ.

ಕ್ನೆಡ್ಲೀಕ್ ಅಂದರೆ ಹಿಟ್ಟು, ಹಾಲು, ಮೊಟ್ಟೆ, ಉಪ್ಪು, ಯೀಸ್ಟ್ ಮತ್ತು ನಿನ್ನೆಯ ಬನ್ನಿನ ಚೂರುಗಳು. ಅರ್ಧ ಕಿಲೋ ಹಿಟ್ಟಿಗೆ ಸುಮಾರು ಕಾಲು ಲೀಟರ್ ಹಾಲು. ಕಲಸಿ, ಉಬ್ಬಲು ಬಿಟ್ಟು, ರೊಟ್ಟಿ ಕೋಲಿನಷ್ಟು ದಪ್ಪಕ್ಕೆ ಉರುಳೆ ಮಾಡಿ ಕುದಿಯುವ ಉಪ್ಪುನೀರಿಗೆ ಬಿಡುವುದು. ಸುಮಾರು 20 ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಇಷ್ಟೇ.

ಆದರೆ ಹಿಟ್ಟು ಯಾವುದು ಅನ್ನುವುದು ಮುಖ್ಯ. ಚೆಕ್ ಅಂಗಡಿಯಲ್ಲಿ ಗೋಧಿ ಹಿಟ್ಟನ್ನು ಕಣದ ಗಾತ್ರ ನೋಡಿ ಮಾರುತ್ತಾರೆ: ಹ್ಲಾಡ್ಕಾ ನುಣುಪು, ಪೊಲೊಹ್ರುಬಾ ಅರೆ ತರಿ, ಹ್ರುಬಾ ತರಿ. ಹ್ರುಬಾ ಬೆರಳಿಗೆ ಮೈದಾಗೂ ಚಿರೋಟಿ ರವೆಗೂ ನಡುವಿನ ಹಾಗೆ ಸಿಗುತ್ತದೆ. ದೊಡ್ಡ ಕಣ ನೀರನ್ನು ನಿಧಾನಕ್ಕೆ ಹೀರುತ್ತದೆ, ಹಿಟ್ಟು ಅಂಟಂಟಾಗುವುದಿಲ್ಲ. ನಾನು ಮೈದಾ, ಚಿರೋಟಿ ರವೆ ಅರ್ಧರ್ಧ ಬೆರೆಸುತ್ತೇನೆ. ಪ್ರಾಗ್‌ನ ಅಜ್ಜಿಯರು ಒಪ್ಪುತ್ತಾರೋ ಇಲ್ಲವೋ, ನಾಲಿಗೆ ಮಾತ್ರ ಒಪ್ಪಿದೆ.

ಇನ್ನು ನಿನ್ನೆಯ ಬನ್ನು ಯಾಕೆ? ಬೇಯುವಾಗ ಪಿಷ್ಟದ ಕಣ ನೀರು ಕುಡಿದು ಉಬ್ಬುತ್ತದೆ, ಅದರೊಳಗಿನ ಎಳೆಗಳು ಸಡಿಲವಾಗುತ್ತವೆ. ಆರಿದ ಮೇಲೆ ಅವೇ ಎಳೆಗಳು ಮತ್ತೆ ಪಕ್ಕಪಕ್ಕ ಸೇರಿ ಬಿಗಿಯಾಗುತ್ತವೆ. ಬನ್ನು ಗಟ್ಟಿಯಾಗುವುದು ಹೀಗೆ, ಬರೀ ಒಣಗಿ ಅಲ್ಲ. ಈ ಗಟ್ಟಿ ಚೂರು ಹಿಟ್ಟಿನೊಳಗೆ ಕರಗಿ ಹೋಗದೆ ನಿಲ್ಲುತ್ತದೆ.

ಮೊದಲ ಸಲ ಮಾಡಿದಾಗ ನನ್ನ ಕಡುಬು ಪಾತ್ರೆಯಲ್ಲಿ ಗುಂಡಗೆ ತೇಲುತ್ತಿತ್ತು. ತಟ್ಟೆಗೆ ತೆಗೆದು ಫೋನ್ ನೋಡಿ ಬರುವಷ್ಟರಲ್ಲಿ ಮುದುಕರ ಕೆನ್ನೆಯಂತೆ ಸುಕ್ಕುಗಟ್ಟಿತ್ತು. ತಪ್ಪು ಆ ಒಂದು ನಿಮಿಷದ್ದೇ. ಒಳಗಿನ ಸಾವಿರಾರು ಗುಳ್ಳೆಗಳಲ್ಲಿ ಯೀಸ್ಟ್ ಬಿಟ್ಟ ಇಂಗಾಲದ ಡೈಆಕ್ಸೈಡ್ ಜೊತೆಗೆ ನೀರಿನ ಆವಿಯೂ ಇರುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ತಣ್ಣಗಾಗಿ ಮತ್ತೆ ನೀರಾದಾಗ ಅಷ್ಟೇ ಕುಗ್ಗುತ್ತದೆ. ಒಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ಮೆತ್ತನೆಯ ಗೋಡೆಗಳನ್ನು ಅಮುಕುತ್ತದೆ. ಅದಕ್ಕೇ ಚೆಕ್ಕರು ನೀರಿನಿಂದ ತೆಗೆದ ಕೂಡಲೇ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚುತ್ತಾರೆ. ಆವಿ ಹೊರಗೆ, ಗಾಳಿ ಒಳಗೆ. ಕಡುಬು ನಿಲ್ಲುತ್ತದೆ.

ಇಷ್ಟೆಲ್ಲಾ ಕಷ್ಟ ಸಾಸ್ ಹೀರಲಿ ಅಂತ. ಕ್ನೆಡ್ಲೀಕ್ ಒಂದು ಸ್ಪಂಜು, ಅಷ್ಟೇ. ಸ್ವೀಚ್ಕೊವಾ ಅನ್ನುವ ದನದ ಮಾಂಸದ ಕೆನೆ ಸಾಸ್ ಹೆಸರುವಾಸಿ. ನನಗೆ ಜಾಸ್ತಿ ಇಷ್ಟ ಕೊಪ್ರೊವ್ಕಾ, ಅಂದರೆ ಸಬ್ಬಸಿಗೆ ಸೊಪ್ಪಿನ ಸಾಸ್. ಹೌದು, ನಮ್ಮ ಸಬ್ಬಸಿಗೆಯೇ! ಬೆಣ್ಣೆಯಲ್ಲಿ ಹಿಟ್ಟು ಹುರಿಯುತ್ತಾರೆ. ಕೊಬ್ಬು ಸವರಿದ ಕಣಗಳು ಒಂದಕ್ಕೊಂದು ಅಂಟುವುದಿಲ್ಲ, ಗಂಟಾಗದು. ಹಾಲು, ಕೆನೆ ಸೇರಿಸಿ ಕುದಿಸಿ, ಸೊಪ್ಪನ್ನು ಕೊನೆಗೆ ಹಾಕುತ್ತಾರೆ, ಅದರ ಘಮದ ಎಣ್ಣೆಗಳು ಬಿಸಿಗೆ ಬೇಗ ಹಾರಿಹೋಗುವುದರಿಂದ. ವಿನೆಗರ್ ಕೂಡ ಕೊನೆಗೇ. ಹುಳಿಯಲ್ಲಿ ಜಾಸ್ತಿ ಹೊತ್ತು ಕುದಿದರೆ ಪಿಷ್ಟದ ಎಳೆ ತುಂಡಾಗಿ ಸಾಸ್ ನೀರಾಗುತ್ತದೆ. ಮೇಲೆ ಬೇಯಿಸಿದ ಮೊಟ್ಟೆ.

ಸಬ್ಬಸಿಗೆಯ ಬೀಜಕ್ಕೂ ಚೆಕ್ಕರ ಕ್ಮೀನ್, ಅಂದರೆ ಕ್ಯಾರವೇ ಬೀಜಕ್ಕೂ ವಾಸನೆಯ ನಂಟಿದೆ. ಎರಡರಲ್ಲೂ ಕಾರ್ವೋನ್ ಅನ್ನುವ ಘಮದ ವಸ್ತು ಇದೆ. ಪುದೀನದ ಜಾತಿಯ ಸ್ಪಿಯರ್‌ಮಿಂಟ್‌ನಲ್ಲೂ ಅದೇ ಕಾರ್ವೋನ್, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿದ್ದು. ಎಡಗೈ ಬಲಗೈ ಇದ್ದ ಹಾಗೆ. ಮೂಗಿಗೆ ಇಷ್ಟೇ ಸಾಕು, ಬೇರೆಯೇ ವಾಸನೆ ಅನ್ನುತ್ತದೆ. ಅಂದ ಹಾಗೆ, ಪ್ರಾಗ್‌ನಲ್ಲಿರುವ ಕನ್ನಡಿಗರು ಒಗ್ಗರಣೆಗೆ ಅಂತ ಕ್ಮೀನ್ ಪೊಟ್ಟಣ ತಂದರೆ ಸಾರು ಕೆಟ್ಟಿತು. ಅದು ಜೀರಿಗೆಯಲ್ಲ. ಜೀರಿಗೆಗೆ ಅಲ್ಲಿ ‘ರೋಮನ್ ಕ್ಮೀನ್’ ಅನ್ನುತ್ತಾರೆ.

ಉಳಿದ ಕ್ನೆಡ್ಲೀಕ್ ಬಿಸಾಡುವುದಿಲ್ಲ. ನೀರು 100 ಡಿಗ್ರಿ ದಾಟದ ಕಾರಣ ಅದು ಬೆಳ್ಳಗೇ ಇರುತ್ತದೆ, ಕೆಂಪು ಕವಚ ಬರಲು ಸುಮಾರು 140 ಡಿಗ್ರಿ ಬೇಕು. ಮರುದಿನ ತಣ್ಣಗೆ ಗಟ್ಟಿಯಾದ ಬಿಲ್ಲೆಗಳನ್ನು ತುಂಡು ಮಾಡಿ ಬೆಣ್ಣೆಗೆ ಹಾಕಿದರೆ ಪುಡಿಯಾಗುವುದಿಲ್ಲ, ಅಂಚು ಕೆಂಪಗೆ ಗರಿಗರಿ. ಮೇಲೆ ಎರಡು ಮೊಟ್ಟೆ ಒಡೆದು ಕೆದಕಿ, ಪಕ್ಕಕ್ಕೆ ಒಂದು ಸೌತೆ ಉಪ್ಪಿನಕಾಯಿ. ನನ್ನನ್ನು ಕೇಳಿದರೆ, ಮೊದಲ ದಿನದ ಊಟಕ್ಕಿಂತ ಇದೇ ಚೆನ್ನ.